ಹಳೆ ಧಾರವಾಡ ಜಿಲ್ಲೆಗೆ ಬಂದ ಪದ್ಮ, ಅಕಾಡೆಮಿ ಪ್ರಶಸ್ತಿಗಳು: ಯಾಕೆ ಇಷ್ಟು ತಡ? ಮುಂದೆ ಯಾರು?

ಸಪ್ತಾಪುರದವ

1997ಕ್ಕಿಂತ ಮುಂಚಿನ ಧಾರವಾಡ ಜಿಲ್ಲೆ ತಗೊಳ್ಳಿ. ಗದಗ, ಹಾವೇರಿ ಎರಡೂ ಆಗ ಅದರೊಳಗೇ ಇದ್ದವು. ಈ ಒಂದು ಜಿಲ್ಲೆಯ ಹಾಡುಗಾರರಿಗೆ ದೇಶಮಟ್ಟದಲ್ಲಿ ಏನೇನು ಬಂದಿದೆ ಅಂತ ಕೂತು ಬರೆದೆ.

ಗದುಗಿನ ಭೀಮಸೇನ ಜೋಶಿಯವರಿಗೆ ಭಾರತ ರತ್ನ, 2008ರ ನವೆಂಬರ್‌ನಲ್ಲಿ ಘೋಷಣೆ. ಖಯಾಲ್ (ಹಿಂದೂಸ್ತಾನಿಯ ಮುಖ್ಯ ಗಾಯನ ಶೈಲಿ) ಹಾಡುವವರಲ್ಲಿ ಆ ಗೌರವ ಇನ್ನೊಬ್ಬರಿಗೆ ಸಿಕ್ಕಿಲ್ಲ. ಮಲ್ಲಿಕಾರ್ಜುನ ಮನ್ಸೂರರಿಗೆ 1992ರಲ್ಲಿ, ಗಂಗೂಬಾಯಿ ಹಾನಗಲ್ಲರಿಗೆ 2002ರಲ್ಲಿ ಪದ್ಮವಿಭೂಷಣ. ಬಸವರಾಜ ರಾಜಗುರು (ಯಲಿವಾಳದವರು) 1991ರಲ್ಲಿ ಪದ್ಮಭೂಷಣ. ಪುಟ್ಟರಾಜ ಗವಾಯಿಗಳು (ಹುಟ್ಟಿದ್ದು ಹಾನಗಲ್ಲ ತಾಲೂಕಿನ ದೇವಗಿರಿ) 2010ರಲ್ಲಿ ಪದ್ಮಭೂಷಣ. ವೆಂಕಟೇಶಕುಮಾರರಿಗೆ 2016ರಲ್ಲಿ ಪದ್ಮಶ್ರೀ. ಇವರೆಲ್ಲ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದವರು. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಅಂಚೆಚೀಟಿ ತಂದಿತು. ಅದರಲ್ಲಿ ಮೂವರು ನಮ್ಮವರು. ಪಕ್ಕದ ಬೆಳಗಾವಿಯ ಕುಮಾರ ಗಂಧರ್ವರನ್ನು ಸೇರಿಸಿದರೆ ನಾಲ್ವರು. ಇಡೀ ದೇಶದ ಎಂಟರಲ್ಲಿ ನಾಲ್ಕು!

ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರಿಗೂ ಖುಷಿ. ಆದರೆ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿ. ಮನ್ಸೂರರಿಗೆ ಪದ್ಮವಿಭೂಷಣ ಬಂದ ವರ್ಷವೇ, ಸೆಪ್ಟೆಂಬರ್ 12ಕ್ಕೆ ಹೋಗಿಬಿಟ್ಟರು. ರಾಜಗುರು ಅವರು 1991ರ ಜುಲೈನಲ್ಲಿ. ಪುಟ್ಟರಾಜರು 2010ರ ಸೆಪ್ಟೆಂಬರ್‌ನಲ್ಲಿ. ಮೂವರಿಗೂ ದೊಡ್ಡ ಪ್ರಶಸ್ತಿ ಬಂದಾಗ ಬದುಕು ಉಳಿದದ್ದು ಕೆಲವೇ ತಿಂಗಳು. ಗಂಗೂಬಾಯಿಯವರಿಗೆ ಪದ್ಮವಿಭೂಷಣ ಬಂದಾಗ 88 ವರ್ಷ.

ಇದು ಕಾಕತಾಳೀಯವೋ, ನಮ್ಮ ಕಡೆಯವರ ಸಂಕೋಚವೋ, ದಿಲ್ಲಿಯವರ ಉದಾಸೀನವೋ? ಈಗ ಅರವತ್ತು ದಾಟಿದ ನಮ್ಮ ಕಲಾವಿದರಿಗೂ ಹೀಗೇ ಆಗಬೇಕಾ?

ತೋಡಿ

ಸರ್, ಲೆಕ್ಕ ಸರಿ, ಆದರೆ ಅರ್ಧ. ನೀವು ಬರೀ ಕೊನೆಯ ಮೆಟ್ಟಿಲು ನೋಡಿದ್ದೀರಿ.

ಮನ್ಸೂರರಿಗೆ ಪದ್ಮಶ್ರೀ 1970ರಲ್ಲೇ ಬಂದಿತ್ತು. ಮುಂದಿನ ವರ್ಷ ಅಕಾಡೆಮಿ ಪ್ರಶಸ್ತಿ. 1976ಕ್ಕೆ ಪದ್ಮಭೂಷಣ, 1982ಕ್ಕೆ ಅಕಾಡೆಮಿಯ ಫೆಲೋಶಿಪ್. ಗಂಗೂಬಾಯಿ 1971ರಲ್ಲೇ ಪದ್ಮಭೂಷಣ. ಭೀಮಸೇನರಿಗೆ ಪದ್ಮಶ್ರೀ 1972ರಲ್ಲಿ, ಆಗ ಅವರಿಗೆ ಐವತ್ತು. ಇದನ್ನು ಉದಾಸೀನ ಅನ್ನೋಕಾಗಲ್ಲ.

ರಾಜಗುರು ಅವರ ವಿಷಯದಲ್ಲಿ ಮಾತ್ರ ನನಗೂ ಸಿಟ್ಟಿದೆ. ಪದ್ಮಶ್ರೀ 1975ರಲ್ಲಿ ಕೊಟ್ಟವರು ಅಕಾಡೆಮಿ ಪ್ರಶಸ್ತಿಯನ್ನು 1989ರವರೆಗೆ ಕೊಡಲಿಲ್ಲ. ಅಷ್ಟು ಘರಾಣೆಗಳ (ಗಾಯನ ಪರಂಪರೆಗಳ) ಅಷ್ಟು ಬಂದಿಶ್ (ರಾಗದ ರಚನೆಗಳು) ಗೊತ್ತಿದ್ದ ಮನುಷ್ಯ. ಎಪ್ಪತ್ತೆರಡು ಆಗೋವರೆಗೆ ಕಾಯಿಸಿದ್ದು ಯಾಕೆ?

ಇನ್ನೊಂದು ನೆನಪಿರಲಿ. ಇವರ ಗುರುಗಳಿಗೆ ಏನೂ ಬಂದಿಲ್ಲ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ, ಪದ್ಮ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ಪಂಚಾಕ್ಷರಿ ಗವಾಯಿಗಳು 1944ರಲ್ಲೇ ಹೋದರು, ದೇಶಕ್ಕೆ ಸ್ವಾತಂತ್ರ್ಯ ಬರೋದಕ್ಕೂ ಮುಂಚೆ. ನಿಮ್ಮ ಪಟ್ಟಿಯ ಆರು ಜನರಲ್ಲಿ ಐವರು ಈ ಇಬ್ಬರ ಶಿಷ್ಯರು ಅಥವಾ ಶಿಷ್ಯರ ಶಿಷ್ಯರು. ಅವರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಕೊಪ್ಪೀಕರ ರೋಡ್

ಭೀಮಸೇನರನ್ನು ಸೇರಿಸಿದ್ದು ತಪ್ಪು ರೀ. ಅವರು ಪುಣೆಯವರು. ಪದ್ಮ ಪಟ್ಟಿಯಲ್ಲೂ ಹೆಸರಿನ ಮುಂದೆ ಮಹಾರಾಷ್ಟ್ರ ಅಂತಲೇ ಇದೆ.

ಕುಂದಗೋಳ ಪ್ಯಾಸೆಂಜರ್

@ಕೊಪ್ಪೀಕರ ರೋಡ್, ಮನೆ ಪುಣೆ, ಒಪ್ಪಿದೆ. ಹುಟ್ಟಿದ್ದು ಗದಗ. ಮೊದಲ ಪಾಠ ಕುರ್ತಕೋಟಿಯ ಚನ್ನಪ್ಪನವರ ಹತ್ತಿರ. ಹನ್ನೊಂದಕ್ಕೆ ಮನೆ ಬಿಟ್ಟು ಗ್ವಾಲಿಯರ್, ಜಲಂಧರ ಅಂತ ಗುರುವನ್ನು ಹುಡುಕಿ ತಿರುಗಿದವರು ಕೊನೆಗೆ ಸಿಕ್ಕಿಬಿದ್ದದ್ದು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ, 1936ರಲ್ಲಿ. ದೇಶ ಸುತ್ತಿದ ಹುಡುಗನಿಗೆ ಗುರು ತನ್ನ ಜಿಲ್ಲೆಯಲ್ಲೇ ಇದ್ದರು. ದಾಸರ ಪದಗಳನ್ನು ಮಹಾರಾಷ್ಟ್ರದವರ ಬಾಯಲ್ಲಿ ಕೂರಿಸಿದವರೂ ಅವರೇ. ಪಟ್ಟಿಯಲ್ಲಿ ರಾಜ್ಯದ ಹೆಸರು ಏನಾದರೂ ಇರಲಿ ಬಿಡಿ.

ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತದ್ದೂ ಇದೇ ಮನೆಯಲ್ಲಿ. ಇಪ್ಪತ್ತು ಕಿಲೋಮೀಟರ್ ಒಳಗಿನ ದಾರಿ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಪಾಠಕ್ಕೆ ಅಂತ ರೈಲಿನಲ್ಲಿ ಹೋಗಿ ಬರೋದು ಅಂದರೆ ಊರ ಬಾಯಿಗೆ ಬಿದ್ದ ಹಾಗೆ. ಈಗ ಕುಂದಗೋಳದಲ್ಲಿ ವರ್ಷಕ್ಕೊಮ್ಮೆ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಲ್ಲಿ ರಾತ್ರಿಯಿಡೀ ಸಂಗೀತ ಆಗುತ್ತದೆ. ಬರದವರು ಒಮ್ಮೆ ಬನ್ನಿ. ಟಿಕೆಟ್ ಇಲ್ಲ, ನೆಲದ ಮೇಲೆ ಕೂರಬೇಕು.

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ

ಎಲ್ಲಾ ಲಾಬಿ. ದಿಲ್ಲಿಯಲ್ಲಿ ಜನ ಇದ್ದವರಿಗೆ ಸಿಗುತ್ತದೆ, ಇಲ್ಲದವರಿಗೆ ಇಲ್ಲ. ಸುಮ್ನೆ ತಾರೀಖು ಎಣಿಸಿ ಏನು ಪ್ರಯೋಜನ?

ಗದಗ ಜೋಡು

ಲಾಬಿ ಅನ್ನೋರಿಗೆ ಒಂದು ಪ್ರಶ್ನೆ. ಪುಟ್ಟರಾಜ ಗವಾಯಿಗಳ ಹತ್ತಿರ ಯಾವ ಲಾಬಿ ಇತ್ತು? ಕಣ್ಣಿಲ್ಲ, ದಿಲ್ಲಿಯ ಸಂಪರ್ಕ ಇಲ್ಲ, ಕೈಯಲ್ಲಿ ಇದ್ದದ್ದು ನೂರಾರು ಮಕ್ಕಳ ಊಟದ ಚಿಂತೆ. ಆದರೂ 1998ರ ಅಕಾಡೆಮಿ ಪ್ರಶಸ್ತಿ ಬಂತು, ಪದ್ಮಭೂಷಣ ಬಂತು.

ಅವರು ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಹೊರಗಿನವರಿಗೆ ಜಾಸ್ತಿ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬರೀತೀನಿ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಬ್ಬ ಕುರುಡು ಹುಡುಗ ಹುಟ್ಟಿದ. ಹೆಸರು ಗದಿಗೆಯ್ಯ. ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಬಂದು ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿ. ಅವರು ಮೊದಲು ಕರ್ನಾಟಕ ಸಂಗೀತ ಕಲಿತರು. ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ. ಅದೇ ನೀಲಕಂಠಬುವಾ ಮನ್ಸೂರರಿಗೂ ಗುರು. ಮನ್ಸೂರರು ಜೈಪುರ ಘರಾಣೆಗೆ ಹೋದದ್ದು ಆ ನಂತರ, ಮಂಜಿಖಾನ್, ಭುರ್ಜಿಖಾನ್ ಅವರ ಬಳಿ.

ಪಂಚಾಕ್ಷರಿಗಳು ಊರೂರು ಸುತ್ತುತ್ತಾ ಕಲಿಸಿದವರು. ಕೊನೆಗೆ ಗದುಗಿನಲ್ಲಿ ನೆಲೆ ನಿಂತರು. ಕಣ್ಣಿಲ್ಲದ ಮಕ್ಕಳು, ಬಡ ಮಕ್ಕಳು ಯಾರೇ ಬಂದರೂ ಊಟ, ವಸತಿ, ಪಾಠ ಪುಕ್ಕಟೆ. ಖರ್ಚಿಗೆ ನಾಟಕ ಕಂಪನಿ, ಭಕ್ತರ ಕಾಣಿಕೆ, ಜೋಳ, ಅಕ್ಕಿ. ಅವರ ನಂತರ ಪುಟ್ಟರಾಜರು ಅದನ್ನು 66 ವರ್ಷ ನಡೆಸಿದರು. ನಾಟಕ ಬರೆದರು, ಪುರಾಣ ಬರೆದರು, ತಬಲಾ, ಪೇಟಿ (ಹಾರ್ಮೋನಿಯಂ), ಪಿಟೀಲು ಎಲ್ಲ ನುಡಿಸಿದರು, ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಹಾಡಿದರು. ತುಲಾಭಾರದಲ್ಲಿ ಬಂದ ದುಡ್ಡೆಲ್ಲ ಆಶ್ರಮಕ್ಕೆ.

ವೆಂಕಟೇಶಕುಮಾರರು ಅಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದು ಕಲಿತವರು. ತಂದೆ ಜನಪದ ಹಾಡುಗಾರ, ಮನೆಯಲ್ಲಿ ಬಡತನ. ಫೀಸು ಕೊಟ್ಟು ಕಲಿಯಬೇಕಾಗಿದ್ದರೆ ಆ 2016ರ ಪದ್ಮಶ್ರೀ ಇರುತ್ತಿರಲಿಲ್ಲ. ರಾಜಗುರು ಅವರೂ ಪಂಚಾಕ್ಷರಿಗಳ ಶಿಷ್ಯರೇ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೇ ವರ್ಷದ ಉತ್ಸವ ನಡೆದಾಗ ರಾಜಗುರು ಮೊದಲ ಬಾರಿ ದೊಡ್ಡ ಸಭೆಯಲ್ಲಿ ಹಾಡಿದರು. ತಬಲಾ ಹಿಡಿದು ಸಾಥ್ ಕೊಟ್ಟವರು ಸ್ವತಃ ಗುರುಗಳು.

"ಮುಂದೆ ಯಾರು" ಅಂತ ಸಪ್ತಾಪುರದವರು ಕೇಳಿದ್ದಾರೆ. ನಾನು ಕೇಳೋದು ಬೇರೆ. ಹತ್ತು ವರ್ಷ ಕೂರಿಸಿ ಊಟ ಹಾಕಿ ಕಲಿಸುವ ಜಾಗ ಈಗ ಎಷ್ಟಿವೆ? ವಾರಕ್ಕೆರಡು ಕ್ಲಾಸು, ವರ್ಷಕ್ಕೊಂದು ಪರೀಕ್ಷೆ, ಗೋಡೆಗೊಂದು ಸರ್ಟಿಫಿಕೇಟು. ಇದರಿಂದ ಕೇಳುಗರು ಹುಟ್ಟುತ್ತಾರೆ, ಅದೂ ಬೇಕು. ಮನ್ಸೂರರಂಥವರು ಹುಟ್ಟಲ್ಲ.

ತೋಡಿ

@ಗದಗ ಜೋಡು, ಊಟ-ಪಾಠದ ಮಾತು ನೂರಕ್ಕೆ ನೂರು ನಿಜ. ಅದರ ಜೊತೆ ಸಂಬಳವನ್ನೂ ಸೇರಿಸಿ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕೆ ಶುರುವಾಯಿತು. ಅದಕ್ಕೂ ಮುಂಚೆ ಹಾಡುವವರ ಹೊಟ್ಟೆಪಾಡು ನಾಟಕ ಕಂಪನಿ ಇಲ್ಲವೇ ಗ್ರಾಮಫೋನ್ ಪ್ಲೇಟು. ಆಕಾಶವಾಣಿ ಬಂದ ಮೇಲೆ ತಿಂಗಳ ಸಂಬಳದ ಕಲಾವಿದರು ಬಂದರು, ಕಲಾವಿದರ ದರ್ಜೆ ಹೇಳುವ ಗ್ರೇಡ್ ಬಂತು, ದೇಶವೆಲ್ಲ ಕೇಳುವ ಹಾಗಾಯಿತು. ಮನ್ಸೂರರೇ ಅಲ್ಲಿ ಸಲಹೆಗಾರರಾಗಿದ್ದರು. ಆಮೇಲೆ ವಿಶ್ವವಿದ್ಯಾಲಯದ ಸಂಗೀತ ಕಾಲೇಜು. ವೆಂಕಟೇಶಕುಮಾರರು ಮೂರು ದಶಕ ಅಲ್ಲಿ ಪಾಠ ಮಾಡಿದವರು. ಮನ್ಸೂರರ ಮಗ ರಾಜಶೇಖರ ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿ ಸಂಬಳ ತಗೊಂಡು, ಹಾಡಿಗೆ ದುಡ್ಡಿನ ಹಂಗಿಲ್ಲದೆ ತಂದೆಯ ಅಪರೂಪದ ರಾಗಗಳನ್ನು ಉಳಿಸಿಕೊಂಡರು. ಅವರಿಗೆ 2012ರ ಅಕಾಡೆಮಿ ಪ್ರಶಸ್ತಿ ಬಂತು. ಹಾಡಲ್ಲಿ ಅವಸರ ಬೇಡದವರಿಗೆ ಬೇರೆ ಕಡೆ ಒಂದು ಆಸರೆ ಇತ್ತು. ಈಗಿನ ಹುಡುಗರಿಗೆ ಆ ಆಸರೆ ಎಲ್ಲಿದೆ?

ಒಂದು ತಮಾಷೆ ಹೇಳಿ ಮುಗಿಸ್ತೀನಿ. ನಮ್ಮ ಪೋಸ್ಟರ್‌ಗಳಲ್ಲಿ "ಪದ್ಮಶ್ರೀ ಪಂ." ಅಂತ ಹೆಸರಿಗೆ ಮುಂಚೆ ಹಾಕ್ತಾರಲ್ಲ, ಅದು ನಿಯಮಕ್ಕೆ ವಿರುದ್ಧ. ಅದು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಧಾರವಾಡದ ಯಾವ ಪ್ರೆಸ್‌ನವರಿಗೂ ಈ ಸುದ್ದಿ ಮುಟ್ಟಿಲ್ಲ ಅಂತ ಕಾಣುತ್ತೆ.

ಪೇಟಿ ಮಾಸ್ತರ ಮಗಳು

ಇಷ್ಟೊತ್ತು ಓದಿದೆ. ಎಲ್ಲರೂ ಹಾಡುವವರ ಬಗ್ಗೆಯೇ ಬರೆದಿದ್ದೀರಿ. ಅದೇ ನಮ್ಮ ಊರಿನ ರೋಗ.

ನಮ್ಮಪ್ಪ ಪೇಟಿ ನುಡಿಸುತ್ತಿದ್ದರು, ಬದುಕೆಲ್ಲ ಸಾಥಿದಾರರಾಗಿಯೇ. ಒಂದು ಊರಲ್ಲಿ ಒಬ್ಬ ಗಾಯಕರಿಗೆ ಪ್ರಶಸ್ತಿ ಬಂದದ್ದಕ್ಕೆ ಸನ್ಮಾನ ಮಾಡಿದರು. ಗಾಯಕರಿಗೆ ಶಾಲು, ಹಾರ, ಫಲಕ. ಅಪ್ಪನಿಗೆ ಮತ್ತು ತಬಲಾದವರಿಗೆ ಬಸ್ ಚಾರ್ಜು ಇದ್ದ ಲಕೋಟೆ, ಅದೂ ಊಟದ ಎಲೆ ಮುಂದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರೂ ಇರಲಿಲ್ಲ. "ಸಾಥ್ ಸಂಗತ್" ಅಂತ ಎರಡು ಪದ ಇತ್ತು. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಪಾಲಿನದನ್ನೂ ಇವತ್ತಿಗೂ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಪೇಟಿಯವರದ್ದು ಇನ್ನೊಂದು ಕಥೆ. 1940ರಲ್ಲಿ ಆಕಾಶವಾಣಿಯವರು ಪೇಟಿಯನ್ನೇ ಹೊರಗಿಟ್ಟರು. ಅದು ವಿಲಾಯತಿ ವಾದ್ಯ, ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರಲ್ಲ, ಸ್ವರಗಳು ಒಂದೇ ಅಳತೆಯಲ್ಲಿ ಕೂತುಬಿಟ್ಟಿವೆ ಅನ್ನೋದು ತಕರಾರು. ಆ ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಅಂದರೆ ತೋಡಿಯವರು ಹೇಳಿದ ಧಾರವಾಡ ಆಕಾಶವಾಣಿಯ ಮೊದಲ ಎರಡು ದಶಕ ಪೇಟಿಯವರಿಗೆ ಅಲ್ಲಿ ಜಾಗವೇ ಇರಲಿಲ್ಲ. ಆಡಿಶನ್ ಇಲ್ಲ, ಗ್ರೇಡ್ ಇಲ್ಲ, ಧ್ವನಿಮುದ್ರಣ ಇಲ್ಲ. ನಾಳೆ ಪ್ರಶಸ್ತಿಗೆ ಹೆಸರು ಕಳಿಸುವಾಗ "ಗ್ರೇಡ್ ಏನು" ಅಂತ ಕೇಳಿದರೆ ಏನು ಹೇಳೋದು? 2016ರಲ್ಲಿ ತುಳಸೀದಾಸ ಬೋರ್ಕರ್ ಅವರಿಗೆ ಪದ್ಮಶ್ರೀ ಬಂದಾಗ ಅಪ್ಪ ಪೇಪರ್ ಕತ್ತರಿಸಿ ಪೇಟಿಯ ಮುಚ್ಚಳದೊಳಗೆ ಅಂಟಿಸಿದ್ದರು. ನಮ್ಮ ಊರವರಲ್ಲದಿದ್ದರೂ.

ಗಂಗೂಬಾಯಿಯವರ ಹಳೆ ಧ್ವನಿಮುದ್ರಣ ಹಾಕಿ ಕೇಳಿ. ಹಿಂದೆ ಮಗಳು ಕೃಷ್ಣಾ ಅವರ ದನಿ, ತಬಲಾದಲ್ಲಿ ಶೇಷಗಿರಿ ಹಾನಗಲ್ಲ. ಆ ವಿಲಂಬಿತ್ (ನಿಧಾನ ಲಯದ ಹಾಡು) ಅಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕಾದರೆ ತಬಲಾದಲ್ಲಿ ಠೇಕಾ (ತಾಳ) ಹಿಡಿದವರ ಸಂಯಮ ಎಷ್ಟಿರಬೇಕು. ಕೃಷ್ಣಾ ಅವರು ಸ್ವತಃ ದೊಡ್ಡ ಗಾಯಕಿ, ಬದುಕಿಡೀ ಅಮ್ಮನ ಹಿಂದೆ ಕೂತರು. ಇವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಶುಕ್ರವಾರಪೇಟೆ

ಅಕ್ಕಾರ, ನಿಮ್ಮ ಮಾತಿಗೆ ಒಂದು ಸೇರಿಸ್ತೀನಿ. ಸಪ್ತಾಪುರದವರ ಪಟ್ಟಿಯಲ್ಲಿ ಆರು ಹೆಸರು, ಹೆಣ್ಣು ಒಂದೇ. ಅದನ್ನು ಇನ್ನೂ ಯಾರೂ ಎತ್ತಿಲ್ಲ.

ಗಂಗೂಬಾಯಿ ಹುಟ್ಟಿದ್ದು ಧಾರವಾಡದ ನಮ್ಮ ಓಣಿಯಲ್ಲೇ. ಚಿಕ್ಕವರಿದ್ದಾಗ ಇದೇ ಓಣಿಯಲ್ಲಿ ಹೋಗುವಾಗ "ಗಾನೇವಾಲಿ" ಅಂತ ಕೂಗಿದ ಜನ ಇದ್ದರು. 1924ರ ಬೆಳಗಾವಿ ಕಾಂಗ್ರೆಸ್‌ನಲ್ಲಿ ಗಾಂಧೀಜಿ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿಗೆ, ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಕೂರಿಸುತ್ತಾರೋ, ಎಂಜಲೆಲೆ ತೆಗೆಯೋಕೆ ಹೇಳುತ್ತಾರೋ ಅನ್ನುವ ಹೆದರಿಕೆ ಇತ್ತು ಅಂತ ಆಮೇಲೆ ಅವರೇ ನೆನಪಿಸಿಕೊಂಡಿದ್ದಾರೆ. ಗಂಡಸರು ಹಾಡಿದರೆ ಪಂಡಿತ, ಉಸ್ತಾದ, ನಾವು ಮಾತ್ರ ಕೊನೆವರೆಗೂ ಬಾಯಿ ಅಂತ ನಗುತ್ತಲೇ ಹೇಳುತ್ತಿದ್ದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆ ಗಾಯಕಿ. ಮಗಳ ಹಿಂದೂಸ್ತಾನಿಗೆ ಅಡ್ಡ ಬರಬಾರದು ಅಂತ ತಾವು ಹಾಡೋದನ್ನೇ ಬಿಟ್ಟರು.

ಇವತ್ತು ಯಾವುದೇ ಸಂಗೀತ ಕ್ಲಾಸಿಗೆ ಹೋಗಿ ನೋಡಿ, ಮುಕ್ಕಾಲು ಪಾಲು ಹುಡುಗಿಯರು. ಮದುವೆ ಆದ ಮೇಲೆ ಎಷ್ಟು ಜನ ವೇದಿಕೆ ಮೇಲೆ ಉಳಿದಿದ್ದಾರೆ? ಅಕಾಡೆಮಿಯ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ 2006ರಿಂದ ಇದೆ, ನಲವತ್ತರೊಳಗಿನವರಿಗೆ. ಹೆರಿಗೆ, ಮಕ್ಕಳು, ಅತ್ತೆ-ಮಾವ ಅಂತ ನಮ್ಮ ಹುಡುಗಿಯರ ರಿಯಾಜ್ ನಿಲ್ಲೋದೂ ಸರಿಯಾಗಿ ಅದೇ ನಲವತ್ತರೊಳಗೆ.

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ

ಇದೆಲ್ಲ ಸರಿ. ಆದರೂ ಹೆಸರು ಕಳಿಸೋರು ಯಾರು? ಎಂ.ಪಿ., ಎಂ.ಎಲ್.ಎ. ಕಾಲು ಹಿಡೀಬೇಕು ತಾನೇ?

ಉಣಕಲ್ ಕೆರೆ

ಬೇಡ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಕಳಿಸಬಹುದು. ಕೇಂದ್ರ ಸರ್ಕಾರದ ಪ್ರಶಸ್ತಿ ಪೋರ್ಟಲ್ ಇದೆ, ಆನ್‌ಲೈನ್‌ನಲ್ಲೇ ತುಂಬಬೇಕು. ತಮ್ಮ ಹೆಸರನ್ನು ತಾವೇ ಕಳಿಸಿದರೂ ನಡೆಯುತ್ತದೆ. ಸಾಧನೆಯ ವಿವರ 800 ಪದ ಮೀರಬಾರದು. ಕೊನೆಯ ತಾರೀಖು ವರ್ಷ ವರ್ಷ ಬದಲಾಗುತ್ತೆ, ಪೋರ್ಟಲ್ ನೋಡಿಕೊಳ್ಳಿ. ವರ್ಷಕ್ಕೆ ಮರಣೋತ್ತರ ಮತ್ತು ವಿದೇಶದವರನ್ನು ಬಿಟ್ಟು 120 ಮಾತ್ರ, ಎಲ್ಲ ಕ್ಷೇತ್ರ ಸೇರಿ. ದುಡ್ಡು ಇಲ್ಲ, ಪದಕ ಮತ್ತು ಸನದು. ತೀರಿಕೊಂಡವರಿಗೆ ಸಾಮಾನ್ಯವಾಗಿ ಕೊಡಲ್ಲ, ಅದಕ್ಕೇ ತಡ ಮಾಡಬಾರದು ಅನ್ನೋದು.

ಅಕಾಡೆಮಿಯದು ಬೇರೆ ದಾರಿ. ಅಲ್ಲಿ ಅದರ ಮಂಡಳಿ ಆರಿಸುತ್ತದೆ. ಒಂದು ಲಕ್ಷ ರೂಪಾಯಿ, ತಾಮ್ರಪತ್ರ. 2023ರ ಸೆಪ್ಟೆಂಬರ್‌ನಲ್ಲಿ 75 ದಾಟಿದ, ಅಲ್ಲಿವರೆಗೆ ದೇಶಮಟ್ಟದ ಯಾವ ಗೌರವವೂ ಸಿಗದ 84 ಕಲಾವಿದರಿಗೆ ಅಮೃತ ಪ್ರಶಸ್ತಿ ಅಂತ ಕೊಟ್ಟರು. ಅಷ್ಟು ಜನ ಬಿಟ್ಟುಹೋಗಿದ್ದರು ಅಂತ ಅಕಾಡೆಮಿಯೇ ಒಪ್ಪಿಕೊಂಡ ಹಾಗಾಯಿತು ಅದು.

ನಮ್ಮ ಕಡೆ ಸಮಸ್ಯೆ ಲಾಬಿಯದಲ್ಲ, ಕಾಗದದ್ದು. ಯಾವ ಕಲಾವಿದರ ಮನೆಗೆ ಹೋದರೂ ಶಾಲುಗಳ ರಾಶಿ ಸಿಗುತ್ತೆ. ಎಲ್ಲಿ, ಯಾವ ವರ್ಷ ಹಾಡಿದರು ಅನ್ನೋ ಒಂದು ಪಟ್ಟಿ ಸಿಗಲ್ಲ. ಬರೆಯೋಕೆ ಕೂತವರೂ 800 ಪದದಲ್ಲಿ ಅರ್ಧ "ಗಾನ ಗಂಧರ್ವ, ಸ್ವರ ಸಾಮ್ರಾಟ, ನಾದಯೋಗಿ" ಅಂತ ಬಿರುದಿಗೇ ಖರ್ಚು ಮಾಡಿಬಿಡುತ್ತಾರೆ. ಓದುವವರಿಗೆ ಬೇಕಾದದ್ದು ಬೇರೆ. ಯಾರ ಶಿಷ್ಯರು, ಎಷ್ಟು ವರ್ಷ, ಯಾವ ಗ್ರೇಡ್, ಎಷ್ಟು ಶಿಷ್ಯರನ್ನು ತಯಾರು ಮಾಡಿದರು, ಬೇರೆಯವರ ಬಳಿ ಇಲ್ಲದ್ದು ಇವರ ಬಳಿ ಏನಿದೆ.

ಶಿಗ್ಗಾವಿ ಶರೀಫಜ್ಜ

ಹಾವೇರಿ ಅಂದರೆ ನಿಮಗೆಲ್ಲ ಗವಾಯಿಗಳು ಹುಟ್ಟಿದ ಊರು ಅಷ್ಟೇ. ಇಲ್ಲಿ ತತ್ವಪದ ಹಾಡುವವರಿದ್ದಾರೆ, ಡೊಳ್ಳಿನವರು, ಲಾವಣಿಯವರು, ಪುರವಂತರು ಇದ್ದಾರೆ. ಜಾನಪದ ವಿಶ್ವವಿದ್ಯಾಲಯವೇ ಗೊಟಗೋಡಿಯಲ್ಲಿದೆ. 2025ರಲ್ಲಿ ಪದ್ಮಶ್ರೀ ಯಾರಿಗೆ ಬಂತು ನೋಡಿ. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ್, ಕೊಪ್ಪಳದ ತೊಗಲುಗೊಂಬೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಭೀಮವ್ವಗೆ ತೊಂಬತ್ತು ದಾಟಿತ್ತು. ಗದಗ ಗಡಿಯಾಚೆಗೇ ಕೊಪ್ಪಳ. ಅಲ್ಲಿಯವರೆಗೆ ಬಂದದ್ದು ಇಲ್ಲಿಗೆ ಬರಲ್ಲ ಅಂತೇನಿಲ್ಲ. ನಮ್ಮೂರಲ್ಲಿ ಏಕತಾರಿ ಹಿಡಿದು ರಾತ್ರಿಯಿಡೀ ಹಾಡೋ ಅಜ್ಜನಿಗೆ ಪೋರ್ಟಲ್ ಅಂದರೆ ಏನು ಅಂತ ಗೊತ್ತಿಲ್ಲ. ನೀವು ಕಂಪ್ಯೂಟರ್ ಮುಂದೆ ಕೂತವರು ಒಬ್ಬೊಬ್ಬರು ಒಂದೊಂದು ಹೆಸರು ಹಿಡಿದುಕೊಳ್ಳಿ.

ಕೊಪ್ಪೀಕರ ರೋಡ್

ಸಿತಾರಿನವರನ್ನೂ ಮರೆತಿರಿ. ರಹಿಮತಖಾನರು ಧಾರವಾಡಕ್ಕೆ ಬಂದು ನೆಲೆಸಿದ ಮೇಲೆ ಅವರ ಮನೆತನ ತಲೆಮಾರುಗಳಿಂದ ಇಲ್ಲೇ ಸಿತಾರ ನುಡಿಸುತ್ತಿದೆ, ಬಾಲೇಖಾನರವರೆಗೆ, ಆಮೇಲೂ. ಕಂಠದ ಊರು ಅಂತ ಹೆಸರಾದ ಕಡೆ ವಾದ್ಯದವರಿಗೆ ಎರಡನೇ ಪಂಕ್ತಿ.

ಸಪ್ತಾಪುರದವ

ಶರೀಫಜ್ಜನವರ ಮಾತು ಹಿಡಿದುಕೊಳ್ಳೋಣ. ನಾನು ಗಾಯಕರ ಹೆಸರು ಹಿಡಿಯಲ್ಲ, ಅವರಿಗೆ ಬರೆಯೋರು ಇದ್ದಾರೆ. ಪೇಟಿ ಮಾಸ್ತರ ಮಗಳು ಒಪ್ಪಿದರೆ ಅವರ ತಂದೆಯವರ 800 ಪದ ನಾನು ಬರೀತೀನಿ. ಅಕ್ಕಾ, ಅವರು ಇದ್ದಾರಲ್ವಾ? ಕಾಗದ ಏನೇನಿದೆ?

ಪೇಟಿ ಮಾಸ್ತರ ಮಗಳು

ಇದ್ದಾರೆ ಸರ್. ಕಿವಿ ಸ್ವಲ್ಪ ಮಂದ, ಕೈ ಚೆನ್ನಾಗಿದೆ. ಕೇಳಿದೆ, "ನನಗ್ಯಾಕ ಅದೆಲ್ಲ" ಅಂದರು. ಆಮೇಲೆ ತಾವೇ ಟ್ರಂಕ್ ತೆಗೆಯೋಕೆ ಹೇಳಿದರು. ಆಕಾಶವಾಣಿಯ ಕರಾರು ಪತ್ರ 1974ರಿಂದ ಇವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ. ಯಾರಿಗೆ ಸಾಥ್ ಕೊಟ್ಟರು ಅನ್ನೋದು ಡೈರಿಯಲ್ಲಿದೆ, ಮೋಡಿ ಅಕ್ಷರದಂತೆ ಅವರಿಗೇ ಓದೋಕೆ ಬರೋ ಹಾಗೆ. ಫೋಟೋಗಳ ಹಿಂದೆ ತಾರೀಖಿಲ್ಲ.

ಉಣಕಲ್ ಕೆರೆ

ಕರಾರು ಪತ್ರಗಳನ್ನು ಮೊದಲು ಸ್ಕ್ಯಾನ್ ಮಾಡಿಸಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಡೈರಿಯನ್ನು ಅವರ ಕೈಲೇ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಾನು ಟೈಪ್ ಮಾಡಿಕೊಡ್ತೀನಿ. ಫೋಟೋದಲ್ಲಿ ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳಿಸಿ, ವರ್ಷವನ್ನು ಅದರಿಂದ ಹಿಡಿಯಬಹುದು. ಮತ್ತೆ ಆಧಾರ್‌ನಲ್ಲಿ ಒಂದು ಹೆಸರು, ಆಕಾಶವಾಣಿಯಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಹೇಳಿ, ಎರಡನ್ನೂ ಬರೆಯೋಣ.